ಸಮುದ್ರದ ಹತ್ರ ತೋಟದ ಮನಿ, ಅಡಗಿ ನಾವೇ ಮಾಡ್ಕೊಳ್ಳೋದು: ಹೋಗಿಬಂದವ್ರು ಹೇಳ್ರಿ

ರೊಟ್ಟಿಬುತ್ತಿ | ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಮೇ ತಿಂಗಳಾಗ ಮಕ್ಕಳ ಸೂಟಿ ಮುಗಿಯೂದ್ರಾಗ ಒಂದ್ ನಾಕ್ ದಿನ ಸಮುದ್ರದ ಕಡಿ ಹೋಗ್ಬೇಕಂತ ಮನ್ಯಾಗ ಮಾತ ನಡದದ. ಒಟ್ಟ ಒಂಬತ್ತ ಮಂದಿ, ನಾವಿಬ್ರು, ಅತ್ತಿ ಮಾವ, ಮೈದುನ, ನೆಗೆಣ್ಣಿ, ಮತ್ತ ಮೂರ್ ಮಕ್ಕಳು. ಮೂರ್ ವರ್ಷದ ಹಿಂದ ಗೋಕರ್ಣಕ್ಕ ಹೋಗಿ ಲಾಡ್ಜಿನಾಗ ಇದ್ವಿ, ಮಾವನವ್ರಿಗಿ ಶುಗರ್ ಅದ, ಎರಡ ದಿನ ಬರೇ ಇಡ್ಲಿ ತಿಂದ್ರು, ಮೂರನೇ ದಿನ ಮುಂಜಾನಿ ಬ್ಯಾಗ ಕಟ್ಕೊಂಡು ಬಾಗಲ್ದಾಗ ಕುಂತ್ಬಿಟ್ರು, "ರೊಟ್ಟಿ ಇಲ್ದ ಊರಾಗ ನಾ ಇರಂಗಿಲ್ಲ, ನಡೀರಿ" ಅಂತ.

ಈ ಸಲ ಅದ್ಕೇ ಬ್ಯಾರೆ ವಿಚಾರ ಮಾಡೀವಿ. ಕುಮಟಾ, ಅಂಕೋಲಾ, ಹೊನ್ನಾವರ ಕಡಿ ಅಡಿಕಿ ತೋಟದಾಗ, ತೆಂಗಿನ ತೋಟದಾಗ ಸಣ್ಣ ಮನಿ ಬಾಡಿಗಿಗಿ ಕೊಡ್ತಾರಂತ, ಗ್ಯಾಸು ಪಾತ್ರಿ ಎಲ್ಲ ಇರ್ತಾವಂತ, ಅಡಗಿ ನಾವೇ ಮಾಡ್ಕೊಬಹುದಂತ. ಯಾರಾದ್ರು ಹಂಗ ಇದ್ದು ಬಂದೀರೇನ್ರಿ? ಏನೇನ್ ಒಯ್ಬೇಕು, ಏನ್ ಕೇಳ್ಬೇಕು, ಎಲ್ಲಿ ಮೋಸ ಆಗ್ತದ, ಹೇಳ್ರಿ. ಜಾಹೀರಾತು ಹಾಕಬ್ಯಾಡ್ರಿ ದಯಮಾಡಿ.

ಹೊಲದ_ಕಾಕಾ | ಆಳಂದ ತಾಲೂಕು

ತಂಗಿ, ನಂದೊಂದ್ ಮಾತು ಕೇಳು. ನಿಮ್ ಮಾವನ ಹೊಲ ಅದ ಅಲ್ಲಾ? ಅಲ್ಲಿ ಒಂದ್ ತಗಡಿನ ಶೆಡ್ ಹಾಕ್ಕೊಂಡು ನಾಕ್ ದಿನ ಇರ್ರಿ, ರೊಟ್ಟಿ ಅಲ್ಲೇ ಬಡೀರಿ, ಪುಂಡಿಪಲ್ಯ ಮಾಡ್ರಿ, ಬಾಡಗಿ ಇಲ್ಲ ಡೀಸೆಲ್ ಇಲ್ಲ. ಎಳ್ಳಮಾಸಿಗಿ ಊರ ಮಂದಿ ಎಲ್ಲ ಬಂಡಿ ಕಟ್ಕೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ ಉಣ್ಣೂದು ನಮ್ಮ ಕಡಿ ಹುಟ್ಟಿದಾಗಿಂದ ಅದ, ಅದ್ಕ ಯಾರೂ ರೊಕ್ಕ ಕೊಡಂಗಿಲ್ಲ. ಈಗ ನೋಡಿದ್ರ ಐನೂರ ಕಿಲೋಮೀಟರ್ ಹೋಗಿ ಇನ್ನೊಬ್ಬರ ಹೊಲದಾಗ ರೊಕ್ಕ ಕೊಟ್ಟು ನಾವೇ ಒಲಿ ಹಚ್ಚೂದಂತ. ಕಾಲ ಬಂತು ನೋಡಪಾ.

ಶಹಾಬಾದ್_ಫರ್ಸಿ

ಕಾಕಾ, ಮೇದಾಗ ತಗಡಿನ ಶೆಡ್ಡಿನಾಗ ಇದ್ರ ರೊಟ್ಟಿ ಬಡ್ಯೂದೇ ಬ್ಯಾಡ್ರಿ, ಹಿಟ್ಟ ಹೊರಗ ಇಟ್ರ ಸಾಕು ತಾನೇ ಬೇಯ್ತದ 😂 42, 43 ಡಿಗ್ರಿ ಮರ್ತೀರೇನ್

ಬೀದರ್_ಬಂಡಿ | ಬೀದರ್

ಅಕ್ಕಾ ನಾ ಹೋಗೀನ್ರಿ ಎರಡ ಸಲ. ಮೊದ್ಲ ರಸ್ತಾ ಹೇಳ್ತೀನಿ. ನಿಮ್ಗ ಬರೋಬರ್ ಹಳೆ 218 ಹೆದ್ದಾರಿನೇ, ಜೇವರ್ಗಿ, ಸಿಂದಗಿ, ವಿಜಯಪುರ, ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ. ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳದ್ರ ಅಂಕೋಲಾ. ಒಟ್ಟ 500 ಕಿ.ಮೀ ಹಿಡೀರಿ, ಮಕ್ಕಳು ವಯಸ್ಸಾದವ್ರು ಇದ್ರ ಒಂದೇ ದಿನಕ್ಕ ಹೊಡೀಬ್ಯಾಡ್ರಿ, ಹುಬ್ಬಳ್ಳ್ಯಾಗ ರಾತ್ರಿ ಮಲಗ್ರಿ. ಘಾಟ್ ಹಗಲ್ದಾಗ ಇಳೀರಿ, ಲಾರಿ ಭಾಳ, ಕತ್ತಲಾದ ಮ್ಯಾಲ ತಿರುವಿನಾಗ ಎದುರಿನ ಲೈಟಿಗಿ ಏನೂ ಕಾಣಂಗಿಲ್ಲ. ರೈಲಿನ ಆಸೆ ಇಡಬ್ಯಾಡ್ರಿ, ಹುಬ್ಬಳ್ಳಿ-ಅಂಕೋಲಾ ರೈಲು ನಮ್ಮಪ್ಪನ ಕಾಲದಿಂದ ಕಾಗದದಾಗೇ ಓಡ್ಲಿಕ್ಕತ್ತದ.

ಈಗ ಮೋಸದ ಮಾತು. ಮೊದಲನೇ ಸಲ ನಾ ನೆಟ್ಟಿನಾಗ ಫೋಟೋ ನೋಡಿ ಬುಕ್ ಮಾಡಿದ್ದೆ, ಹೆಸರ ಬ್ಯಾಡ. "ಬೀಚಿಗೆ 2 ಕಿ.ಮೀ" ಅಂತ ಬರದಿದ್ರು. ಹೋಗಿ ನೋಡಿದ್ರ ಮನಿಗೂ ಸಮುದ್ರಕ್ಕೂ ನಡುವ ಹೊಳಿ! ಮ್ಯಾಪಿನ ಮ್ಯಾಲ ಗೆರಿ ಎಳದ್ರ 2 ಕಿ.ಮೀ ಖರೆ, ಸೇತುವಿ ಸುತ್ತಿ ಹೋದ್ರ 14. ಮುಂಜಾನಿ ಒಮ್ಮಿ ಸಂಜಿಗೊಮ್ಮಿ ಅಂದ್ರ ದಿನಾ 56 ಕಿ.ಮೀ ಗಾಡಿ ಹೊಡದು ಸಮುದ್ರ ನೋಡಿ ಬಂದೀವಿ. ಆ ಕಡಿ ಹಂಗೇರಿ, ಪ್ರತಿ ಎಂಟ್ ಹತ್ತ್ ಮೈಲಿಗೊಂದು ಹೊಳಿ ಸಮುದ್ರಕ್ಕ ಸೇರ್ತದ, ಗಂಗಾವಳಿ, ಅಘನಾಶಿನಿ, ಶರಾವತಿ, ಇವೆಲ್ಲದರ ಬಾಯಿ ಅಗಲ. "ರಸ್ತಾದಾಗ ಎಷ್ಟ ದೂರ" ಅಂತನೇ ಕೇಳ್ರಿ. ಬಾಯಾಗ ಕೇಳಬ್ಯಾಡ್ರಿ, ಲೊಕೇಶನ್ ತರಿಸ್ಕೊಂಡು ನೀವೇ ನೋಡ್ರಿ.

ತೋಟದಮನೆ_ಮಾಣಿ | ಊರು ಕುಮಟಾ, ಕೆಲಸ ಕಲಬುರಗಿ

ನಾನು ಕುಮಟಾ ಕಡೆಯವ, ಆರು ವರ್ಷದಿಂದ ಕಲಬುರಗಿಯಲ್ಲಿ ಕೆಲಸ, ಹಾಗಾಗಿ ಎರಡೂ ಕಡೆಯ ಸೆಕೆ ಗೊತ್ತು ಮಾರಾಯ್ರೆ. ಮೊದಲು ಅದನ್ನೇ ಹೇಳ್ತೇನೆ. ನಿಮ್ಮಲ್ಲಿ 43 ಇದ್ದಾಗ ನಮ್ಮಲ್ಲಿ 34 ಇರ್ತದೆ, ಅದನ್ನ ನೋಡಿ "ಅಯ್ಯೋ ತಂಪು" ಅಂತ ಹೊರಟು ಬರ್ತೀರಿ. ಆದ್ರೆ ಅದು ನೀರು ತುಂಬಿದ ಗಾಳಿ, ಬೆವರು ಆರೋದೇ ಇಲ್ಲ. ನಿಮ್ಮ ಏರ್ ಕೂಲರ್ ಅಲ್ಲಿ ಕೆಲಸ ಮಾಡೋದಿಲ್ಲ, ಒಣ ಗಾಳಿಯಲ್ಲಿ ಮಾತ್ರ ಅದು ತಂಪು ಕೊಡೋದು, ನಮ್ಮಲ್ಲಿ ಹಚ್ಚಿದ್ರೆ ರೂಮು ಬಚ್ಚಲುಮನೆ ಆಗ್ತದೆ. ಫ್ಯಾನು, ಎತ್ತರದ ಹಂಚಿನ ಮಾಡು, ಎದುರುಬದುರು ಕಿಟಕಿ, ಇಷ್ಟು ಇದೆಯಾ ಕೇಳಿ. ಮೇಲೆ ಕಾಂಕ್ರೀಟು ಹಾಕಿದ ಹೊಸ ಕಾಟೇಜಿಗಿಂತ ಹಳೇ ಚಿರೆಕಲ್ಲಿನ ಮನೆ ಸಾವಿರ ಪಾಲು ಬೆಸ್ಟು.

ಎರಡನೇದು, ದಯವಿಟ್ಟು ಬೇಜಾರು ಮಾಡ್ಬೇಡಿ, ಅದು ತೋಟ, ರೆಸಾರ್ಟ್ ಅಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲೂ ಎರಡು ರೂಮು ಕೊಡ್ತಾರೆ, ಅದಕ್ಕೇ ಹೇಳ್ತೇನೆ. ಬಂದವರು ಬೆಳಿಗ್ಗೆ ಎಂಟಕ್ಕೆ "ಬಿಸಿನೀರು ಎಲ್ಲಿ" ಅಂತ ಕೂಗ್ತಾರೆ, ಅಷ್ಟೊತ್ತಿಗೆ ದೊಡ್ಡಪ್ಪ ಹಾಲು ಕರೆದು, ಹುಲ್ಲು ಹಾಕಿ, ತೋಟಕ್ಕೆ ನೀರು ಬಿಟ್ಟು ಎರಡನೇ ಚಾ ಕುಡೀತಾ ಇರ್ತಾರೆ. ಹಂಡೆಗೆ ಬೆಂಕಿ ನೀವೇ ಹಾಕ್ಕೊಳ್ಬೇಕು, ಸೋಗೆ, ತೆಂಗಿನ ಸಿಪ್ಪೆ ಬಚ್ಚಲ ಪಕ್ಕದಲ್ಲೇ ಇರ್ತದೆ. ದನ ಕೂಗ್ತದೆ, ನಾಯಿ ಬೊಗಳ್ತದೆ, ನವೆಂಬರಿಂದ ಫೆಬ್ರವರಿ ತನಕ ಬಂದ್ರೆ ಅಂಗಳದ ತುಂಬ ಅಡಿಕೆ, ರಾತ್ರಿ ಹತ್ತರ ತನಕ ಸುಲಿಯುವವರ ಮಾತು. ಜೂನ್ ಕಳೆದ ಮೇಲಂತೂ ಬರ್ಲೇಬೇಡಿ. ಮಳೆ ಒಂದು, ಅದರ ಮೇಲೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಕೆಲಸ, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಕಲಸಿ ಮರದ ತುದಿಗೆ ಹೊಡೀತಾರೆ, ಕೆಳಗೆ ನಿಂತವರ ಬಿಳಿ ಅಂಗಿ ನೀಲಿ. ಮಳೆ ಎರಡು ದಿನ ಬಿಟ್ಟಿತು ಅಂದ್ರೆ ಮನೆಯವರಿಗೆ ನಿಮ್ಮ ಮುಖ ನೋಡ್ಲಿಕ್ಕೂ ಪುರಸೊತ್ತಿಲ್ಲ.

ಮೇ ಅಡ್ಡಿಲ್ಲ. ಸೆಕೆ ಇದ್ದರೂ ಮಾವು, ಹಲಸು, ಗೇರು ಎಲ್ಲ ಇರ್ತದೆ.

ಮೀನೂಟ_ಪ್ರೇಮಿ | ಕಲಬುರಗಿ

ಅಣ್ಣಾ ಒಂದ್ ಸವಾಲು, ಅಲ್ಲಿ ಕಿಚನ್ದಾಗ ಬಂಗಡೆ ತಂದು ಫ್ರೈ ಮಾಡ್ಕೊಬಹುದಾ? ನಾನ್ ಹೋಗೂದೇ ಅದಕ್ಕ. ಇಲ್ಲಿ ಐಸಿನಾಗ ನಾಕ್ ದಿನ ಕುಂತ ಮೀನ ತಿಂದು ಬ್ಯಾಸರ ಆಗ್ಯಾದ.

ತೋಟದಮನೆ_ಮಾಣಿ

ಮನೆಯವರನ್ನ ಮೊದಲೇ ಕೇಳಿ, ಅಲ್ಲಿ ಹೋಗಿ ಅಲ್ಲ. ಹವ್ಯಕರ ತೋಟದ ಮನೆ ಆದ್ರೆ ಬಿಡೋದಿಲ್ಲ, ನಮ್ಮಲ್ಲೂ ಇಲ್ಲ. ಹೊಳೆ ಬದಿಯಲ್ಲಿ ಬೇರೆಯವರ ತೋಟಗಳೂ ಬೇಕಾದಷ್ಟು ಇವೆ, ಅಲ್ಲಿ ಅವರೇ ಬೆಳಿಗ್ಗೆ ಮೀನು ತಂದು ಕೊಡ್ತಾರೆ. ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ನಿಷೇಧ, ಆ ಎರಡು ತಿಂಗಳು ನೀವು ಬಂದ್ರೂ ಒಂದೇ, ಕಲಬುರಗಿಯಲ್ಲಿ ಇದ್ದರೂ ಒಂದೇ.

ರೊಟ್ಟಿಬುತ್ತಿ

ನಮ್ಗ ಉಲ್ಟಾ ಚಿಂತಿ ನೋಡ್ರಿ, ಅತ್ತಿಯವ್ರು ಮೀನ ಬೇಯಿಸಿದ ಪಾತ್ರಿ ಮುಟ್ಟಂಗಿಲ್ಲ. ಹಂಗಾರ ಹವ್ಯಕರ ತೋಟನೇ ನಮಗ ಬರೋಬರಿ. ಮಾಣಿಯವ್ರ, ಇವತ್ತ ಒಬ್ರಿಗಿ ಫೋನ್ ಹಚ್ಚಿದ್ದೆ, ನಕ್ಕು ನಕ್ಕು ಸಾಕಾತು. "ಹಂಚ ಅದ ಏನ್ರೀ" ಅಂತ ಕೇಳಿದೆ. ಅವ್ರು "ಹಂಚಿನ ಮನೆಯೇ ನಮ್ಮದು, ಮಂಗಳೂರು ಹಂಚು, ಸೋರೋದಿಲ್ಲ" ಅಂದ್ರು. ನಾ "ಅದಲ್ರೀ, ಒಲಿ ಮ್ಯಾಲ ಇಡೂ ಹಂಚು" ಅಂದೆ. ಅವ್ರು ಸ್ವಲ್ಪ ಹೊತ್ತ ಸುಮ್ನಾಗಿ, "ಒಲೆ ಮೇಲೂ ಮಾಡು ಉಂಟು, ಮಳೆ ಬೀಳೋದಿಲ್ಲ" ಅಂದ್ರು!! 🤦

ಶಹಾಬಾದ್_ಫರ್ಸಿ

😂😂😂 ರೊಟ್ಟಿ ಮಾಡ್ಲಾಕ ಮಾಳಗಿ ಏರಬೇಕಾತದ ಅಕ್ಕಾ ಈಗ

ತೋಟದಮನೆ_ಮಾಣಿ

ಹಹ್ಹಾ. ನಮ್ಮಲ್ಲಿ ಅದಕ್ಕೆ ಕಾವಲಿ ಅಂತಾರೆ, ಅದೂ ದೋಸೆ ಕಾವಲಿ, ಎಣ್ಣೆ ಕುಡಿದು ಕರ್ರಗೆ ಹೊಳೀತಾ ಇರ್ತದೆ. ಅದರ ಮೇಲೆ ನೀವು ನೀರು ಸವರಿ ರೊಟ್ಟಿ ಸುಟ್ಟು ಇಟ್ರೆ ಮಾರನೇ ದಿನ ಅವರ ದೋಸೆ ಏಳೋದಿಲ್ಲ, ಮತ್ತೆ ವಾರ ಎಣ್ಣೆ ಕುಡಿಸಿ ಪಳಗಿಸ್ಬೇಕು. ಆಯಿ ಒಬ್ಬರು ಬಾಯಿ ಬಿಟ್ಟು ಹೇಳೋದಿಲ್ಲ, ಮನಸ್ಸಲ್ಲೇ ನಿಮಗೆ ಶಾಪ ಹಾಕ್ತಾರೆ. ನಿಮ್ಮ ಹಂಚು ನೀವೇ ತನ್ನಿ.

ಸುರಪುರ_ಸವಾರಿ | ಯಾದಗಿರಿ ಜಿಲ್ಲಾ

ನಾವು ಹೋದ ವರ್ಷ ಅಂಕೋಲಾ ಹತ್ರ ಇದ್ವಿ, ಅಡಗಿ ಮನಿ ಬಗ್ಗಿ ನಾ ಕಲ್ತದ್ದು ಹೇಳ್ತೀನಿ ಅಕ್ಕಾರ. ಒಬ್ಬೊಬ್ರದ್ದು ಅಡಗಿಮನಿ ಅಂದ್ರ ಒಂದ್ ಗ್ಯಾಸ್ ಒಲಿ, ಎರಡ ಬೋಗಾಣಿ, ನಾಕ್ ಚಮಚಾ, ಆತು. ಒಂಬತ್ತ ಮಂದಿಗಿ ಅನ್ನ ಬಸಿಯೂ ಪಾತ್ರಿ ಅದಾ? ಕುಕ್ಕರ್ ಎಷ್ಟ ಲೀಟರ್? ಮಿಕ್ಸರ್ ಅದಾ? ಸಿಲಿಂಡರ್ ಖಾಲಿ ಆದ್ರ ಇನ್ನೊಂದು ಮನ್ಯಾಗ ಅದಾ ಅಥವಾ ಪ್ಯಾಟಿಗಿ ಹೋಗಬೇಕಾ? ಫ್ರಿಜ್ ಅವರದೇ ಒಂದು ಮೂಲ್ಯಾಗ ಜಾಗಾ ಕೊಡ್ತಾರಾ, ಬ್ಯಾರೆ ಅದಾ? ಇದೆಲ್ಲ ಫೋಟೋ ತರಿಸ್ಕೊರಿ. ಹಾಸಗಿ ಫೋಟೋ ಎಲ್ರೂ ಕಳಸ್ತಾರ, ಅಡಗಿಮನಿ ಫೋಟೋ ಕೇಳಿದ್ರ ಗೊತ್ತಾಗ್ತದ ಮನಿ ಹ್ಯಾಂಗ ಅದ ಅಂತ.

ಇನ್ನೊಂದು, ಮೇ ಕಡೀಕ ಸಮುದ್ರಕ್ಕ ಭಾಳ ಹತ್ರದ ಬಾವಿ ನೀರು ಕೆಲವು ಕಡಿ ಉಪ್ಪಾಗ್ತದ, ಕುಡ್ಯೂ ನೀರು ಎಲ್ಲಿಂದ ಅಂತ ಕೇಳ್ರಿ. ನಮ್ಗ ಆ ತ್ರಾಸ ಆತು. ಮಾಲಕರು ಛಲೋ ಮಂದಿ, ದಿನಾ ಮ್ಯಾಗಿನ ಬಾವಿಯಿಂದ ಎರಡ ಕೊಡ ತಂದು ಕೊಟ್ರು ಖರೆ, ಆದ್ರ ವಯಸ್ಸಾದವ್ರ ಕೈಲಿ ನೀರ ಹೊರಿಸಿದಂಗ ಆಗಿ ನಮಗೇ ಮುಜುಗರ.

ಅಲ್ಲಿ ಒಂದ್ ನೋಡಿದ್ದು ಮರಿಯಂಗಿಲ್ಲ. ನಮ್ಮ ಸುರಪುರ ಕಡಿ ನಾರಾಯಣಪುರ ಎಡದಂಡಿ ಕಾಲವಿ ನೀರಾಗ ಭತ್ತ ಬೆಳೀತೀವಿ, ಭೂಮಿ ಸ್ವಲ್ಪ ಸವಳ ಆತಂದ್ರ ಭತ್ತ ಹೋತು ಅಂತ ತಲಿ ಮ್ಯಾಲ ಕೈ ಹೊತ್ತು ಕುಂಡ್ರತೀವಿ. ಅಲ್ಲಿ ಸಮುದ್ರದ ನೀರು ಬಂದು ಹೋಗೂ ಗದ್ದ್ಯಾಗೇ ಭತ್ತ ಹಾಕ್ತಾರ!

ತೋಟದಮನೆ_ಮಾಣಿ

ಆ ಉಪ್ಪುನೀರಿನ ಗದ್ದೆಗೆ ಗಜನಿ ಅಂತಾರೆ. ಕಗ್ಗ ಅಂತ ಭತ್ತ, ಅಘನಾಶಿನಿ ಹೊಳೆ ಬದಿ ಮಾಣಿಕಟ್ಟಾ ಆ ಕಡೆ ಈಗಲೂ ಹಾಕ್ತಾರೆ. ಉಪ್ಪು ತಡೀತದೆ, ನೆರೆ ಬಂದು ಮುಳುಗಿದ್ರೂ ಕೆಲವು ದಿನ ತಡ್ಕೊಳ್ತದೆ. ಮಳೆಗಾಲಕ್ಕೆ ಬಿತ್ತಿ ಅಕ್ಟೋಬರಿಗೆ ಕೊಯ್ಯೋದು, ತೆನೆ ಮಾತ್ರ. ಹುಲ್ಲು ಗದ್ದೆಯಲ್ಲೇ ಕೊಳೀತದೆ, ಆಮೇಲೆ ಅಲ್ಲೇ ಸಿಗಡಿ, ಮೀನು. ಮೇದಲ್ಲಿ ಬಂದವರಿಗೆ ಬರೀ ಬಯಲು ಕಾಣೋದು.

ಹೊಲದ_ಕಾಕಾ

ಸವಳಿನಾಗ ಬರೂ ಭತ್ತ? ಬೀಜ ಸಿಗ್ತದೇನಪಾ?

ಶಹಾಬಾದ್_ಫರ್ಸಿ

ಕಾಕಾ ಈಗ ಲೈನಿಗಿ ಬಂದ್ರು

ತೋಟದಮನೆ_ಮಾಣಿ

ಕಾಕಾ, ಬೀಜ ಸಿಗ್ತದೆ, ಆದ್ರೆ ಅದಕ್ಕೆ ನಮ್ಮ ಮಳೆ ಬೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟ್ತದೆ, ನಿಮ್ಮಲ್ಲಿ ಅದರ ಕಾಲು ಭಾಗ. ಆಳಂದದಲ್ಲಿ ಕಗ್ಗ ಹಾಕಿದ್ರೆ ಹಕ್ಕಿಗೆ ಕಾಳು ಹಾಕಿದ ಹಾಗೆ.

ಬೀದರ್_ಬಂಡಿ

ಮಳಿ ಮಾತ ಬಂತಲ್ಲ, ಇದೊಂದು ಹೇಳ್ತೀನಿ ಎಲ್ರಿಗೂ. 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಿನಾಗ ಗುಡ್ಡ ಕುಸಿದು ಹೆದ್ದಾರಿ ಮ್ಯಾಲೇ ಬಿತ್ತು, ಮಂದಿ ಸತ್ರು, ಲಾರಿ ಗಂಗಾವಳಿ ಹೊಳ್ಯಾಗ ಹೋತು. ಮಳಿಗಾಲದಾಗ ಆ ಹಸಿರು ನೋಡ್ಬೇಕಂತ ಆಸಿ ಇರ್ತದ, ನನಗೂ ಇತ್ತು, ಆದ್ರ ಮಕ್ಕಳ ಕರ್ಕೊಂಡು ಜುಲೈದಾಗ ಘಾಟ್ ಇಳ್ಯೂದು ನನ್ನ ಕೈಲಿ ಆಗಂಗಿಲ್ಲ.

ರೊಟ್ಟಿಬುತ್ತಿ

ಎಲ್ಲಾರಿಗೂ ಭಾಳ ಉಪಕಾರ. ಕುಮಟಾ ಹತ್ರ ಒಂದು ತೋಟದ ಮನಿ ಗೊತ್ತ ಮಾಡೀವಿ, ಮೇ ಎರಡನೇ ವಾರ, ನಾಕ್ ರಾತ್ರಿ. ಅಡಗಿಮನಿ ಫೋಟೋ ಕೇಳಿದ್ದಕ್ಕ ಮಾಲಕರ ಹೆಂಡ್ತಿನೇ ವಿಡಿಯೋ ಕಾಲ್ ಮಾಡಿ ಡಬ್ಬಿ ಡಬ್ಬಿ ತೋರಿಸಿದ್ರು. ಹೋಗಿ ಬಂದು ಬರೀತೀನಿ.

ರೊಟ್ಟಿಬುತ್ತಿ

ಬಂದ್ವಿರಿ ಮೊನ್ನಿ. ಉದ್ದ ಬರೀತೀನಿ, ಓದೂ ತಾಳ್ಮಿ ಇದ್ದವ್ರು ಓದ್ರಿ.

ಒಯ್ದದ್ದು: ಜ್ವಾಳದ ಹಿಟ್ಟು ಎಂಟ್ ಕೇಜಿ, ಖಡಕ್ ರೊಟ್ಟಿ ಅರವತ್ತ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪ ಖಾರ, ತೊಗರಿಬ್ಯಾಳಿ ಐದ್ ಕೇಜಿ, ಹಂಚು, ಪರಾತ. ಡಿಕ್ಕಿ ತುಂಬಿ ಮೈದುನನ ಬ್ಯಾಗ ಅವನ ತೊಡಿ ಮ್ಯಾಲ ಬಂತು. ಹುಬ್ಬಳ್ಳ್ಯಾಗ ಒಂದ್ ರಾತ್ರಿ ಮಲಗಿದ್ವಿ, ಬೀದರ್ ಅಣ್ಣಾರು ಹೇಳಿದ್ದು ಖರೆ ಆತು, ಹಗಲ್ದಾಗ ಅರಬೈಲ್ ಘಾಟ್ ಇಳಿದ್ವಿ, ಮಾವನವ್ರು ಕಿಡಕಿ ಇಳಿಸಿ "ಇಷ್ಟ ಗಿಡ ಇಟ್ಕೊಂಡು ಇವ್ರು ಏನ್ ಮಾಡ್ತಾರ" ಅಂತ ಕೇಳಿದ್ರು.

ಮೊದಲ ಸೋಲು ಖಡಕ್ ರೊಟ್ಟಿದು. ನಮ್ಮ ಮನ್ಯಾಗ ತಿಂಗಳ ಗಟ್ಲೆ ಬುಟ್ಟ್ಯಾಗ ಇಟ್ರೂ ಪಟ್ ಅಂತ ಮುರೀತಾವ ಅಲ್ಲಾ, ಅಲ್ಲಿ ಸಂಜಿಗಿ ಬಿಚ್ಚಿ ಇಟ್ಟದ್ದು ಮುಂಜಾನಿ ನೋಡಿದ್ರ ಅರಬಿ ಆಗಿದ್ವು! ಮಡಚಿದ್ರ ಮಡಚ್ತಾವ, ಮುರ್ಯಂಗಿಲ್ಲ. ಮಾವನವ್ರು ಒಂದ್ ರೊಟ್ಟಿ ಎತ್ತಿ ಹಿಡದು ಗಾಳಿಗಿ ಬೀಸಿ ನೋಡಿದ್ರು. ಅವನ್ನೆಲ್ಲ ಮತ್ತ ಹಂಚಿನ ಮ್ಯಾಲ ಇಟ್ಟು ಗರಿ ಮಾಡ್ಕೊಂಡು ತಿಂದ್ವಿ. ಒಗದ ಅರಬಿನೂ ಹಂಗೇ, ಎರಡ ದಿನಕ್ಕೂ ಪೂರಾ ಒಣಗ್ಲಿಲ್ಲ. ಹಿಟ್ಟಿನ ಡಬ್ಬಿ ಬಾಯಿ ಬಿಗಿ ಇರ್ಲಿ.

ಆದ್ರ ಬ್ಯಾಳಿ ಮಾತ್ರ ಬ್ಯಾರೆನೇ ಕಥಿ. ಇಲ್ಲಿ ನಮ್ ಬೋರಿನ ನೀರಾಗ ಐದ್ ಸೀಟಿ ಹೊಡಸ್ಬೇಕು, ಅಲ್ಲಿ ಬಾವಿ ನೀರಾಗ ಎರಡ ಸೀಟಿಗಿ ಬೆಣ್ಣಿ. ನಾ ರೂಢಿ ಮ್ಯಾಲ ಐದ್ ಹೊಡಸಿ ಮೊದಲ ದಿನ ಬ್ಯಾಳಿ ಹೋಗಿ ಗಂಜಿ ಆತು. ಮೆತ್ತನ ನೀರು ಅಂದ್ರ ಏನಂತ ಆಗ ತಿಳೀತು. ಜಳಕದಾಗ ಸಾಬೂನು ಹೋಗೂದೇ ಇಲ್ಲ, ಮೈ ಜಾರ್ತಾನೇ ಇರ್ತದ, ಸಣ್ಣ ಮಗ ನಾಕ್ ತಂಬಿಗಿ ಹಾಕ್ಕೊಂಡು "ಅವ್ವಾ ಇನ್ನೂ ಹೋಗವಲ್ದು" ಅಂತ ಅಳ್ಳಿಕ್ಕತ್ತಿದ್ದ. ನಮ್ಮ ಕಡಿ ಸವಳ ನೀರಿಗಿ ನೊರಿನೇ ಬರಂಗಿಲ್ಲ, ಅಲ್ಲಿ ನೊರಿ ಹೋಗಂಗಿಲ್ಲ.

ಮನಿ ಸಣ್ಣದು, ಎರಡ ರೂಮು, ಒಂದ್ ಜಗಲಿ, ಅಡಗಿಮನಿ. ದಿನಕ್ಕ ಮೂರುವರಿ ಸಾವಿರ. ಒಂಬತ್ತ ಮಂದಿಗಿ ಲಾಡ್ಜಿಗಿ ಕೊಡೂದಕ್ಕ ಇದು ಅರ್ಧ. ಸಮುದ್ರ ರಸ್ತಾದಾಗ 5 ಕಿ.ಮೀ, ಮೊದ್ಲೇ ಕೇಳಿದ್ದೆ. ಮಾಲಕರು "ಇವತ್ತು ಭರತ, ಅಂದ್ರೆ ಸಮುದ್ರದ ನೀರು ಏರೋದು, ಇಷ್ಟೊತ್ತಿಗೆ, ಇಳಿದ ಮೇಲೆ ಹೋಗಿ, ಮಕ್ಕಳನ್ನ ಮೊಣಕಾಲಿನ ಮೇಲೆ ಬಿಡ್ಬೇಡಿ" ಅಂತ ದಿನಾ ಹೊತ್ತು ಹೇಳಿ ಕಳಸ್ತಿದ್ರು. ದಿನಾ ಮುಕ್ಕಾಲು ತಾಸು ಮುಂದ ಮುಂದ ಹೋಗ್ತದ ಆ ಹೊತ್ತು, ಚಂದ್ರನ ಲೆಕ್ಕಂತ. ಮಾವನವ್ರು ಎರಡನೇ ದಿನದಿಂದ ಬೀಚಿಗಿ ಬರೂದೇ ಬಿಟ್ರು, ತೋಟದಾಗೇ ಇರ್ತಿದ್ರು.

ಯಾಕಂದ್ರ ಇವ್ರದ್ದು ಹದಿನಾರ ಎಕರೆ ಒಣ ಬ್ಯಾಸಾಯ, ಎರಿ ಹೊಲ, ತೊಗರಿ. ಅವ್ರದ್ದು ಎರಡ ಎಕರೆಕ್ಕೂ ಕಮ್ಮಿ, ಅಲ್ಲಿ ಎಲ್ಲ ಗುಂಟೆ ಲೆಕ್ಕ. ಆ ಎರಡ ಎಕರೆದಾಗ ಅಡಿಕಿ, ಅಡಿಕಿ ಗಿಡಕ್ಕೇ ಹಬ್ಬಿಸಿದ ಮೆಣಸಿನ ಬಳ್ಳಿ, ನಡುವ ಬಾಳಿ, ಅಂಚಿಗಿ ತೆಂಗು, ಮ್ಯಾಲ ಗುಡ್ಡಕ್ಕ ಗೇರು. ಮಾವನವ್ರು ಒಂದೊಂದ ಗಿಡ ಮುಟ್ಟಿ ನೋಡಿದ್ರು. "ಅಡಿಕಿ ಹಚ್ಚಿ ಎಷ್ಟ ವರ್ಷಕ್ಕ ಫಲ?" "ಐದಾರು ವರ್ಷ ಕಾಯ್ಬೇಕು." "ಐದಾರು ವರ್ಷ ಏನ್ ಉಣ್ತೀರಿ?" ಮಾಲಕರು ನಕ್ಕು "ಅದಕ್ಕೇ ನೋಡಿ ನಿಮ್ಮಂಥವರಿಗೆ ಮನೆ ಕೊಡೋದು" ಅಂದ್ರು. ಆಮ್ಯಾಲ ಅಡಿಕಿ ಕ್ವಿಂಟಲ್ ರೇಟು ಕೇಳಿದ್ರು ನಮ್ ಮಾವನವ್ರು, ಕೇಳಿ ಮನಸಿನಾಗ ತೊಗರಿ ಲೆಕ್ಕ ಹಾಕ್ಲಿಕ್ಕತ್ತಾರಂತ ಬೆರಳು ನೋಡಿದ್ರೇ ಗೊತ್ತಾಗ್ತಿತ್ತು. ರಾತ್ರಿ ಊಟಕ್ಕ ಕುಂತಾಗ "ಅವಗ ಕೂಲಿ ಆಳು ಸಿಗವಲ್ರಂತ, ಗಿಡ ಏರೂ ಮಂದಿ ಇಲ್ಲಂತ" ಅಂದ್ರು, ಸ್ವಲ್ಪ ಸಮಾಧಾನ ಆದಂಗಿತ್ತು.

ಈಗ ನಮ್ಮ ತಪ್ಪು, ಮಕ್ಕಳಿದ್ದವ್ರು ಓದ್ರಿ. ಮೇದಾಗ ಗೇರು ಬೀಳ್ತಾವ. ಮುಂಜಾನಿ ಎದ್ದು ಮಾಲಕರ ಮೊಮ್ಮಗಳ ಕೂಡ ನಮ್ ಮಕ್ಕಳೂ ಬುಟ್ಟಿ ಹಿಡ್ಕೊಂಡು ಗುಡ್ಡಕ್ಕ ಹೋಗ್ತಿದ್ರು, ಹಣ್ಣು ಹಿಂಡಿ ಬೀಜ ಕಿತ್ತು ತರ್ತಿದ್ರು. ಹಣ್ಣಿನ ರಸ ಅಂಗಿ ಮ್ಯಾಲ ಬಿದ್ರ ಆ ಕಲಿ ಹೋಗಂಗಿಲ್ಲ, ಹಳಿ ಅಂಗಿ ಹಾಕಿ ಕಳಸ್ರಿ. ಮೂರನೇ ದಿನ ಮೈದುನನ ಮಗ ಯಾರಿಗೂ ಹೇಳ್ದ ಹಸಿ ಬೀಜ ಬಾಯಾಗ ಇಟ್ಟು ಕಚ್ಚ್ಯಾನ, ಗೋಡಂಬಿ ಒಳಗೇ ಅದ ಅಲ್ಲಾ ಅಂತ. ಅದರ ಸಿಪ್ಪ್ಯಾಗ ಎಣ್ಣಿ ಇರ್ತದ, ಸುಡ್ತದ. ತುಟಿ ಬಾತು ಗುಳ್ಳಿ ಎದ್ದು ಒದರ್ಲಿಕ್ಕತ್ತಿದ. ಮಾಲಕರ ಹೆಂಡ್ತಿ ಓಡಿ ಬಂದು ತೊಳದು ಕೊಬ್ರಿ ಎಣ್ಣಿ ಹಚ್ಚಿದ್ರು, ಮ್ಯಾಲ ಕುಮಟಾಕ್ಕ ಕರ್ಕೊಂಡು ಹೋಗಿ ಡಾಕ್ಟ್ರಿಗಿ ತೋರಿಸ್ಕೊಂಡು ಬಂದ್ವಿ. ನಾಕ್ ದಿನಕ್ಕ ಇಳೀತು. ಅವರಿಗಿ ಅದು ಹುಟ್ಟಿದಾಗಿಂದ ಗೊತ್ತಿದ್ದ ಮಾತು, ನಮಗ ಹೇಳ್ಬೇಕಂತ ಅವರಿಗಿ ಹೊಳ್ದಿಲ್ಲ. ನಮಗ ಕೇಳ್ಬೇಕಂತ ಹೊಳ್ದಿಲ್ಲ. ತೋಟಕ್ಕ ಇಳಿಯೂ ಮೊದ್ಲು "ಮಕ್ಕಳು ಏನ್ ಮುಟ್ಬಾರ್ದು" ಅಂತ ಕೇಳ್ರಿ, ಅಷ್ಟೇ.

ಅತ್ತಿಯವ್ರ ಸುದ್ದಿ ಕೇಳ್ರಿ. ಆ ಮನ್ಯಾಗ ಹಲಸಿನಕಾಯಿ ಹಪ್ಪಳದ ಕೆಲ್ಸ ನಡದಿತ್ತು, ಮಳಿ ಬರೂದ್ರಾಗ ಮುಗಿಸ್ಬೇಕಂತ. ತೊಳಿ ಬೇಯಿಸಿ ಕುಟ್ಟಿ ಉಂಡಿ ಮಾಡಿ, ಎರಡ ಪ್ಲಾಸ್ಟಿಕ್ ಹಾಳಿ ನಡುವ ಇಟ್ಟು ಮಣಿ ಮ್ಯಾಲ ಒತ್ತಿ, ಚಾಪಿ ಮ್ಯಾಲ ಬಿಸಲಿಗಿ ಹಾಕೂದು. ಅತ್ತಿಯವ್ರು ಮೊದ್ಲ ದೂರ ನಿಂತು ನೋಡಿದ್ರು. ಆಮ್ಯಾಲ "ಕೈಲೇ ಬಡದ್ರ ಝಟ್ ಆಗ್ತದಲ್ಲಾ" ಅಂತ ಕುಂತೇ ಬಿಟ್ರು, ರೊಟ್ಟಿ ಬಡದಂಗ ಅಂಗೈಲೇ ತಿರುವಿ ತಿರುವಿ ಹಪ್ಪಳ ಬಡದ್ರು. ಆ ಹೆಣ್ಮಕ್ಕಳು ಕೆಲ್ಸ ಬಿಟ್ಟು ನೋಡ್ಲಿಕ್ಕತ್ತಿದ್ರು. ದುಂಡಗ ಬಂದ್ವು, ಆದ್ರ ದಪ್ಪ. ಕರದ ಮ್ಯಾಲ "ಇದು ನಿಮ್ಮ ಕಡೆಯ ಹಪ್ಪಳ" ಅಂತ ಬ್ಯಾರೆ ಡಬ್ಬಿಗಿ ಹಾಕಿ ಇಟ್ರು. ಅವತ್ತಿಂದ ಅಡಗಿ ಬ್ಯಾರೆ ಬ್ಯಾರೆ ಅಂತ ಉಳೀಲೇ ಇಲ್ಲ, ಅವ್ರದ್ದು ತಂಬುಳಿ ಇತ್ತ ಬರೂದು, ನಮ್ಮ ರೊಟ್ಟಿ ಹಿಂಡಿ ಅತ್ತ ಹೋಗೂದು. ನಮ್ಮ ಶೇಂಗಾ ಹಿಂಡಿ ತಿಂದು ಅವರ ಮಗ ಮೂರ್ ಗ್ಲಾಸ್ ಮಜ್ಜಿಗಿ ಕುಡದ.

ಬರೂವಾಗ ಉಳಿದ ತೊಗರಿಬ್ಯಾಳಿ ಅಲ್ಲೇ ಕೊಟ್ಟು ಬಂದ್ವಿ. ಅದಕ್ಕ 2019ರಾಗ ಜಿಐ ಗುರುತು (ಇದು ಈ ಊರಿನದೇ ಬೆಳಿ ಅಂತ ಸರಕಾರ ಕೊಡೂ ಗುರುತು) ಸಿಕ್ಕದ್ದು ಮಾವನವ್ರು ಮೂರ್ ಸಲ ಹೇಳಿದ್ರು, ಅವ್ರು ತಮ್ಮ ಕಡಿ ಕರಿ ಇಶಾಡು ಮಾವಿಗೂ ಸಿಕ್ಕದ ಅಂತ ಹಣ್ಣು ಕೊಟ್ರು. ಏನ್ ಹಣ್ರೀ ಅದು! ಸಿಪ್ಪಿ ತೆಳ್ಳಗ, ವಾಟಿ ಸಣ್ಣದು. ಆದ್ರ ಊರ ಮುಟ್ಟೂದ್ರಾಗ ಅರ್ಧ ಮೆತ್ತಗಾಗಿದ್ವು, ದೂರ ತಡ್ಯಂಗಿಲ್ಲ. ಹೆದ್ದಾರಿ ಬದಿಗಿ ಜಡಿ ಹೆಣದಂಗ ಕಟ್ಟಿ ತೂಗ ಹಾಕಿದ ಕುಮಟಾ ಉಳ್ಳಾಗಡ್ಡಿನೂ ತಂದೀವಿ. ಸಿಹಿ ಅವ. ಮಾವನವ್ರು ರೊಟ್ಟಿ ಕೂಡ ಕಚ್ಚಿ "ಇದೇನ್ ಉಳ್ಳಾಗಡ್ಡಿನೋ ಗಜ್ಜರಿನೋ" ಅಂದು ಇಟ್ಬಿಟ್ರು.

ತೋಟದಮನೆ_ಮಾಣಿ

ಕೈಯಲ್ಲಿ ಬಡಿದ ಹಲಸಿನ ಹಪ್ಪಳ! ನಮ್ಮ ಆಯಿಗೆ ಹೇಳಿದೆ, ನಂಬ್ಲಿಲ್ಲ. ಗೇರುಬೀಜದ ವಿಷಯ ನಾನೂ ಹೇಳ್ಬೇಕಿತ್ತು, ಮರೆತೆ ಅನ್ನೋದಕ್ಕಿಂತ ತಲೆಗೇ ಬರ್ಲಿಲ್ಲ, ಕ್ಷಮಿಸಿ. ನಾವೂ ಚಿಕ್ಕವರಿದ್ದಾಗ ಒಬ್ಬೊಬ್ಬರೂ ಒಂದೊಂದು ಸಲ ಸುಟ್ಕೊಂಡವರೇ.

ಮೀನೂಟ_ಪ್ರೇಮಿ

ಎಲ್ಲಾ ಛಲೋ ಅಕ್ಕಾ, ಮೀನಿಂದು ಒಂದೂ ಮಾತ ಇಲ್ಲ 😔

ಹೊಲದ_ಕಾಕಾ

ತಂಗಿ, ಪೂರಾ ಓದಿದೆ. ನಿಮ್ ಮಾವ ಬೀಚಿಗಿ ಹೋಗದ ತೋಟದಾಗ ಕುಂತದ್ದು ಓದಿ ನನಗೂ ಅನಸ್ತು, ನಾ ಹೋಗಿದ್ರೂ ಅದೇ ಮಾಡ್ತಿದ್ದೆ. ಹಂಗಾರ ಆ ಮಂದೀನ ಎಳ್ಳಮಾಸಿಗಿ ಇತ್ತ ಕರೀರಿ. ಆದ್ರ ಅವಾಗ ಅವರ ಅಡಿಕಿ ಕೊಯ್ಲು ಅಂತೀರಿ, ನಮ್ಮದೂ ತೊಗರಿ ರಾಶಿ. ರೈತಗ ರೈತನ ಮನಿಗಿ ಹೋಗ್ಲಾಕ ಪುರಸೊತ್ತು ಯಾವಾಗ?

ರೊಟ್ಟಿಬುತ್ತಿ

ಕರದೀವಿ ಕಾಕಾ. ಬರಾಕ ಆಗ್ತದೋ ಇಲ್ಲೋ, ಫೋನ್ ಮಾತ್ರ ವಾರಕ್ಕೊಮ್ಮಿ ಬರ್ತದ, ಅದೂ ಮಾವನವ್ರಿಗೇ. ನಿನ್ನಿ ಅರ್ಧ ತಾಸು ಮಳಿ ಬಗ್ಗೆನೇ ಮಾತಾಡಿದ್ರು, ಅಲ್ಲಿ ಸುರೀಲಿಕ್ಕತ್ತದಂತ, ಇಲ್ಲಿ ಇನ್ನೂ ಮಾಡ ಸುದ್ದಾ ಇಲ್ಲ.

ಸುರಪುರ_ಸವಾರಿ

ಅಕ್ಕಾರ, ಆ ಮಾಲಕರ ನಂಬರ್ ಒಳಗ ಕಳಸ್ರಿ, ದಸರಾ ಸೂಟಿಗಿ ನಾವೂ ಹೋಗ್ತೀವಿ. ಮತ್ತ ಹಂಚ ಒಯ್ಬೇಕಾ, ಅವ್ರು ಒಂದ್ ತಗೊಂಡಾರೇನ್ ಈಗ?

ರೊಟ್ಟಿಬುತ್ತಿ

ನಂಬರ್ ಕಳಸೀನಿ. ಹಂಚ ಒಯ್ಯೂದು ಬ್ಯಾಡ, ನಮ್ದು ಅಲ್ಲೇ ಅದ, ಬರೂ ಗದ್ದಲದಾಗ ಮರ್ತು ಬಂದೀವಿ. ಅವ್ರಿಗಿ ಫೋನ್ ಮಾಡಿ "ನಮ್ ಹಂಚ ಅಲ್ಲೇ ಉಳದದ" ಅಂದ್ರ "ಯಾವ ಮನೇದು?" ಅಂತ ಕೇಳಿದ್ರು.